ಆಹಾರದ ಉತ್ಕರ್ಷಣ ನಿರೋಧಕಗಳು ಮತ್ತು ಆರೋಗ್ಯಕರ ವೃದ್ಧಾಪ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಚಹಾದ ಪೊಟ್ಟಣದಿಂದ ಹಿಡಿದು ಮುಖಕ್ಕೆ ಹಚ್ಚುವ ಕ್ರೀಮಿನವರೆಗೆ ಇಂದು 'ಆಂಟಿಆಕ್ಸಿಡೆಂಟ್' ಎಂಬ ಹೆಸರಿಲ್ಲದ ವಸ್ತುವೇ ಅಪರೂಪ. ಮಾತುಕತೆಗಳಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲಿಯೇ ಇಲ್ಲಿ ಕೊಟ್ಟಿದೆ. ಸರಳವಾದವು ಮೊದಲು ಬಂದಿವೆ, ತುಸು ಆಳಕ್ಕಿಳಿಯುವವು ಕೊನೆಗೆ ಬಂದಿವೆ. ಪ್ರತಿ ಉತ್ತರವನ್ನೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೂಲ ವಿಚಾರ

ಆಂಟಿಆಕ್ಸಿಡೆಂಟ್ ಅಂದರೆ ನಿಜಕ್ಕೂ ಏನು? ಅದೂ ಒಂದು ವಿಟಮಿನ್ನೇ?

ಅದು ಒಂದು ವಸ್ತುವಿನ ಹೆಸರಲ್ಲ, ಹಲವು ವಸ್ತುಗಳು ಮಾಡುವ ಒಂದು ಕೆಲಸದ ಹೆಸರು. ಜೀವಕೋಶದಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನ್ ಹೊತ್ತು ಓಡಾಡುವ ಅಣುಗಳಿರುತ್ತವೆ. ಇವೇ ಫ್ರೀ ರ‍್ಯಾಡಿಕಲ್‌ಗಳು. ಅವು ಅಕ್ಕಪಕ್ಕದ ಕೊಬ್ಬು, ಪ್ರೋಟೀನ್ ಅಥವಾ ಡಿಎನ್‌ಎಯಿಂದ ಎಲೆಕ್ಟ್ರಾನನ್ನು ಕಿತ್ತುಕೊಳ್ಳುತ್ತವೆ, ಕಳೆದುಕೊಂಡ ಅಣು ಇನ್ನೊಂದರ ಮೇಲೆ ಬೀಳುತ್ತದೆ, ಹೀಗೆ ಹಾನಿಯ ಸರಪಳಿ ಬೆಳೆಯುತ್ತದೆ. ತಾನು ಒಂದು ಎಲೆಕ್ಟ್ರಾನ್ ಕೊಟ್ಟೂ ಸ್ಥಿರವಾಗಿ ಉಳಿದು ಈ ಸರಪಳಿಯನ್ನು ತುಂಡರಿಸಬಲ್ಲ ಯಾವುದೇ ವಸ್ತುವನ್ನು ಉತ್ಕರ್ಷಣ ನಿರೋಧಕ ಎನ್ನಬಹುದು. ವಿಟಮಿನ್ ಸಿ ಮತ್ತು ಇ, ತರಕಾರಿಗಳಿಗೆ ಹಳದಿ, ಕೆಂಪು ಬಣ್ಣ ಕೊಡುವ ಕ್ಯಾರೊಟಿನಾಯ್ಡ್‌ಗಳು, ಚಹಾ ಮತ್ತು ದ್ರಾಕ್ಷಿಯ ಒಗರಿಗೆ ಕಾರಣವಾದ ಪಾಲಿಫಿನಾಲ್‌ಗಳು ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಸೆಲೆನಿಯಮ್ ಅನ್ನು ಕೂಡ ಇದೇ ಪಟ್ಟಿಯಲ್ಲಿ ಬರೆಯುವ ರೂಢಿಯಿದೆ, ಆದರೆ ಅದು ಸ್ವತಃ ಈ ಕೆಲಸ ಮಾಡುವುದಿಲ್ಲ. ಗ್ಲುಟಾಥಿಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವದ ಭಾಗವಾಗಿ ನಿಂತು ಮಾಡಿಸುತ್ತದೆ.

ಈ ಫ್ರೀ ರ‍್ಯಾಡಿಕಲ್‌ಗಳು ಅಷ್ಟು ಕೆಟ್ಟವಾದರೆ ಪೂರ್ತಿ ಇಲ್ಲವಾಗಿಸುವುದೇ ಒಳ್ಳೆಯದಲ್ಲವೇ?

ಪೂರ್ತಿ ಇಲ್ಲವಾದರೆ ನಾವೂ ಉಳಿಯುವುದಿಲ್ಲ. ಅವುಗಳಲ್ಲಿ ಬಹುಪಾಲು ನಮ್ಮ ಉಸಿರಾಟದ ಜೊತೆಯಲ್ಲಿಯೇ ಹುಟ್ಟುತ್ತವೆ: ಮೈಟೊಕಾಂಡ್ರಿಯದಲ್ಲಿ ಆಹಾರದಿಂದ ಶಕ್ತಿ ತೆಗೆಯುವಾಗ ಒಂದಿಷ್ಟು ಎಲೆಕ್ಟ್ರಾನ್‌ಗಳು ದಾರಿ ತಪ್ಪಿ ಆಮ್ಲಜನಕಕ್ಕೆ ಅಂಟಿಕೊಳ್ಳುತ್ತವೆ. ಬಿಸಿಲಿನ ನೇರಳಾತೀತ ಕಿರಣ, ತಂಬಾಕಿನ ಹೊಗೆ, ಮಲಿನ ಗಾಳಿ, ಬಹುಕಾಲ ಆರದೆ ಉಳಿದ ಉರಿಯೂತ ಇವು ಅದಕ್ಕೆ ಮತ್ತಷ್ಟು ಸೇರಿಸುತ್ತವೆ. ಆದರೆ ರಕ್ತದ ಬಿಳಿಕಣಗಳು ಬ್ಯಾಕ್ಟೀರಿಯಾವನ್ನು ನುಂಗಿದ ಮೇಲೆ ಅದನ್ನು ಕೊಲ್ಲಲು ಬಳಸುವುದೂ ಇದೇ ಅಸ್ತ್ರವನ್ನು. ಈ ಅಸ್ತ್ರವನ್ನು ತಯಾರಿಸುವ ಕಿಣ್ವ ಹುಟ್ಟಿನಿಂದಲೇ ಕೆಲಸ ಮಾಡದ ಮಕ್ಕಳಲ್ಲಿ ಕ್ರಾನಿಕ್ ಗ್ರಾನ್ಯುಲೋಮಾಟಸ್ ಡಿಸೀಸ್ ಎಂಬ ಕಾಯಿಲೆ ಬರುತ್ತದೆ. ಸಾಮಾನ್ಯ ರೋಗಾಣುಗಳೇ ಅವರನ್ನು ಮತ್ತೆ ಮತ್ತೆ ಗಂಭೀರ ಸೋಂಕಿಗೆ ತಳ್ಳುತ್ತವೆ. ಇದಲ್ಲದೆ ಹೈಡ್ರೋಜನ್ ಪೆರಾಕ್ಸೈಡ್‌ನಂಥ ಅಣುಗಳು ಸಣ್ಣ ಪ್ರಮಾಣದಲ್ಲಿ ಜೀವಕೋಶಗಳ ನಡುವಿನ ಸಂದೇಶವಾಹಕಗಳೂ ಹೌದು. ಹಾನಿಯಾಗುವುದು ಉತ್ಪಾದನೆ ಮತ್ತು ನಿಯಂತ್ರಣದ ನಡುವಿನ ಸಮತೋಲ ತಪ್ಪಿದಾಗ ಮಾತ್ರ. ಆ ಸ್ಥಿತಿಯನ್ನು ಉತ್ಕರ್ಷಣ ಒತ್ತಡ ಎನ್ನುತ್ತಾರೆ.

ದೇಹ ತಾನೇ ರಕ್ಷಣೆ ಮಾಡಿಕೊಳ್ಳುತ್ತದೆ ಅನ್ನುತ್ತಾರೆ. ಮತ್ತೆ ಆಹಾರದಿಂದ ಯಾಕೆ ಬೇಕು?

ರಕ್ಷಣೆಯ ಬಹುಭಾಗವನ್ನು ದೇಹವೇ ಹೊತ್ತುಕೊಂಡಿದೆ ಎಂಬುದು ನಿಜ. ಸೂಪರ್‌ಆಕ್ಸೈಡ್ ಡಿಸ್‌ಮ್ಯುಟೇಸ್ ಎಂಬ ಕಿಣ್ವದ ಕೆಲಸವನ್ನು ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೊವಿಚ್ 1969ರಲ್ಲಿ ತೋರಿಸಿಕೊಟ್ಟರು. ಅದರ ಜೊತೆಗೆ ಕೆಟಲೇಸ್, ಗ್ಲುಟಾಥಿಯೋನ್, ಅಷ್ಟೇಕೆ, ಗೌಟ್ ತರುವ ಯೂರಿಕ್ ಆಮ್ಲ ಕೂಡ ರಕ್ತದಲ್ಲಿ ಇದೇ ಕಾವಲು ಕಾಯುತ್ತದೆ. ಆದರೆ ಈ ವ್ಯವಸ್ಥೆಗೆ ಬೇಕಾದ ಕೆಲವು ಸಾಮಗ್ರಿಯನ್ನು ನಾವು ತಯಾರಿಸಿಕೊಳ್ಳಲಾರೆವು. ಹೆಚ್ಚಿನ ಪ್ರಾಣಿಗಳು ಸಕ್ಕರೆಯಿಂದ ವಿಟಮಿನ್ ಸಿ ಮಾಡಿಕೊಳ್ಳುತ್ತವೆ. ಮನುಷ್ಯರಲ್ಲಿ ಅದರ ಕೊನೆಯ ಹಂತದ ಜೀನ್ ಕೆಟ್ಟುಹೋಗಿದೆ, ಗಿನಿ ಇಲಿಗಳದ್ದೂ ಇದೇ ಪಾಡು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಸ್ಕರ್ವಿಯಿಂದ ನರಳುತ್ತಿದ್ದ 12 ನಾವಿಕರನ್ನು ಜೋಡಿಜೋಡಿಯಾಗಿ ವಿಂಗಡಿಸಿ ಬೇರೆ ಬೇರೆ ಚಿಕಿತ್ಸೆ ಕೊಟ್ಟಾಗ, ಕಿತ್ತಳೆ ಮತ್ತು ನಿಂಬೆ ತಿಂದ ಇಬ್ಬರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ವಿಟಮಿನ್ ಇ ಜೀವಕೋಶದ ಪೊರೆಯ ಕೊಬ್ಬನ್ನು ಕಾಯುತ್ತದೆ. ಆ ಕೆಲಸದಲ್ಲಿ ಬಳಕೆಯಾಗಿಹೋದ ವಿಟಮಿನ್ ಇಯನ್ನು ಮತ್ತೆ ಕೆಲಸಕ್ಕೆ ಹಚ್ಚುವುದು ವಿಟಮಿನ್ ಸಿ. ಒಂದಕ್ಕೊಂದು ಕೈಜೋಡಿಸಿ ನಡೆಯುವ ಈ ವ್ಯವಸ್ಥೆಯಿಂದ ಒಂದನ್ನೇ ಎತ್ತಿಕೊಂಡು ಹಿರಿದಾಗಿಸಿದರೆ ಉಳಿದವು ತಾವಾಗಿ ಬಲಗೊಳ್ಳುವುದಿಲ್ಲ.

ಸುತ್ತುಬಳಸಿ ಹೇಳಬೇಡಿ: ಇವು ವಯಸ್ಸಾಗುವುದನ್ನು ತಡೆಯುತ್ತವೆಯೋ ಇಲ್ಲವೋ?

ಇಲ್ಲ. ಯಾವುದೇ ಉತ್ಕರ್ಷಣ ನಿರೋಧಕ ಮನುಷ್ಯರ ಆಯುಷ್ಯವನ್ನು ಹೆಚ್ಚಿಸುತ್ತದೆ ಎಂಬುದು ಪ್ರಯೋಗಗಳಿಂದ ಸಾಬೀತಾಗಿಲ್ಲ. ಇವು ಧಾರಾಳವಾಗಿರುವ ಆಹಾರವನ್ನು ವರ್ಷಗಟ್ಟಲೆ ಉಣ್ಣುವವರಲ್ಲಿ ಹೃದ್ರೋಗ, ಪಾರ್ಶ್ವವಾಯು ಮತ್ತು ಕೆಲವು ಕ್ಯಾನ್ಸರ್‌ಗಳು ಕಡಿಮೆ ಕಂಡುಬರುತ್ತವೆ ಎಂಬುದು ಬೇರೆಯೇ ಮಾತು, ಮತ್ತು ಹೆಚ್ಚು ಗಟ್ಟಿಯಾದ ಮಾತು. ಮುಂದಿನ ಉತ್ತರಗಳೆಲ್ಲ ಈ ಎರಡರ ನಡುವಿನ ಅಂತರದ ಬಗ್ಗೆಯೇ ಇವೆ.

## ಅಡುಗೆಮನೆಯ ಪ್ರಶ್ನೆಗಳು

ಬಣ್ಣ ನೋಡಿ ತರಕಾರಿ ಕೊಳ್ಳಿ ಅನ್ನುತ್ತಾರಲ್ಲ, ಅದು ಸರಿಯೇ?

ಅಂದಾಜಿಗೆ ಸರಿ. ಕ್ಯಾರೆಟ್ ಮತ್ತು ಸಿಹಿಗುಂಬಳದ ಕಿತ್ತಳೆ ಬಣ್ಣ ಬೀಟಾ ಕ್ಯಾರೊಟೀನಿನದು, ಟೊಮ್ಯಾಟೊ ಮತ್ತು ಕಲ್ಲಂಗಡಿಯ ಕೆಂಪು ಲೈಕೊಪೀನಿನದು, ನೇರಳೆ ಹಣ್ಣು, ಕಪ್ಪು ದ್ರಾಕ್ಷಿ ಮತ್ತು ಕೆಂಪು ಎಲೆಕೋಸಿನ ಬಣ್ಣ ಆಂಥೊಸಯನಿನ್‌ಗಳದು. ಸೊಪ್ಪುಗಳಲ್ಲಿ ಲ್ಯೂಟೀನ್ ಎಂಬ ಹಳದಿ ವರ್ಣದ್ರವ್ಯ ಹೇರಳವಾಗಿದ್ದರೂ ಎಲೆಹಸಿರಿನ ಹಿಂದೆ ಅಡಗಿರುತ್ತದೆ. ಆದರೆ ಬಣ್ಣವೇ ಎಲ್ಲವೂ ಅಲ್ಲ: ಈರುಳ್ಳಿ, ಬೆಳ್ಳುಳ್ಳಿ, ಹೂಕೋಸು, ಬಾದಾಮಿ ಇವು ಕಣ್ಣಿಗೆ ಪೇಲವವಾದರೂ ತಮ್ಮದೇ ಸಂಪತ್ತನ್ನು ಹೊಂದಿವೆ, ಮತ್ತು ವಿಟಮಿನ್ ಸಿಗೆ ಬಣ್ಣವೇ ಇಲ್ಲ. ಬಿಳಿ ತಿರುಳಿನ ಸೀಬೆಹಣ್ಣಿನಲ್ಲಿ ತೂಕಕ್ಕೆ ತೂಕ ಕಿತ್ತಳೆಗಿಂತ ಹಲವು ಪಟ್ಟು ಹೆಚ್ಚು ವಿಟಮಿನ್ ಸಿ ಇದೆ. ವಾರದಲ್ಲಿ ತಟ್ಟೆಗೆ ಬೇರೆ ಬೇರೆ ಬಣ್ಣಗಳು ಬಂದುಹೋಗುತ್ತಿದ್ದರೆ ಸಾಕು. ದಿನಾ ಏಳು ಬಣ್ಣ ಲೆಕ್ಕಹಾಕುತ್ತ ಕೂರುವ ಅಗತ್ಯವಿಲ್ಲ.

ದಿನಕ್ಕೆ ಎಷ್ಟು ತಿಂದರೆ ಸಾಕು?

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಹಣ್ಣು ತರಕಾರಿ ಸೇರಿ ದಿನಕ್ಕೆ ಕನಿಷ್ಠ 400 ಗ್ರಾಂ, ಆಲೂಗಡ್ಡೆಯಂಥ ಗೆಡ್ಡೆಗಳನ್ನು ಬಿಟ್ಟು. 2021ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ದಿನಕ್ಕೆ ಎರಡು ಪಾಲು ಹಣ್ಣು, ಮೂರು ಪಾಲು ತರಕಾರಿ ತಿನ್ನುವವರಲ್ಲಿ ಸಾವಿನ ಪ್ರಮಾಣ ಅತಿ ಕಡಿಮೆಯಿತ್ತು, ಅದಕ್ಕಿಂತ ಹೆಚ್ಚು ತಿಂದವರಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಈಗ ದಿನಕ್ಕೆ ಒಂದೇ ಪಾಲು ತಿನ್ನುತ್ತಿರುವವರು ಅದನ್ನು ಮೂರಕ್ಕೆ ಏರಿಸಿದರೆ ಆಗುವ ಅನುಕೂಲ, ಐದು ತಿನ್ನುವವರು ಎಂಟಕ್ಕೆ ಏರಿಸುವುದರಿಂದ ಆಗುವುದಕ್ಕಿಂತ ಬಹಳ ದೊಡ್ಡದು.

ಬೇಯಿಸಿದರೆ ಎಲ್ಲಾ ಹೋಗಿಬಿಡುತ್ತದಂತೆ. ಹಸಿಯಾಗಿಯೇ ತಿನ್ನಬೇಕೇ?

ಹೋಗುವುದೂ ಉಂಟು, ಬೇಯಿಸಿದ ಮೇಲೆಯೇ ದಕ್ಕುವುದೂ ಉಂಟು. ವಿಟಮಿನ್ ಸಿ ನೀರಿನಲ್ಲಿ ಕರಗುತ್ತದೆ, ಬಿಸಿಗೆ ಒಡೆಯುತ್ತದೆ. ಹೆಚ್ಚಿದ ತರಕಾರಿಯನ್ನು ನೀರಿನಲ್ಲಿ ನೆನೆಸಿಟ್ಟು, ತುಂಬ ನೀರಿನಲ್ಲಿ ಬಹಳ ಹೊತ್ತು ಕುದಿಸಿ, ಆ ನೀರನ್ನು ಬಸಿದು ಚೆಲ್ಲಿದರೆ ಅದರ ದೊಡ್ಡ ಪಾಲು ಚರಂಡಿ ಸೇರುತ್ತದೆ. ಮೊದಲು ತೊಳೆದು ಆಮೇಲೆ ಹೆಚ್ಚುವುದು, ಕಡಿಮೆ ನೀರಿನಲ್ಲಿ ಮುಚ್ಚಿ ಅಥವಾ ಹಬೆಯಲ್ಲಿ ಬೇಯಿಸುವುದು, ಬೆಂದ ನೀರನ್ನು ಅಡುಗೆಗೇ ಬಳಸುವುದು ಇವಿಷ್ಟರಿಂದಲೇ ನಷ್ಟ ಸಾಕಷ್ಟು ತಗ್ಗುತ್ತದೆ.

ಕ್ಯಾರೊಟಿನಾಯ್ಡ್‌ಗಳ ಕಥೆ ಇದಕ್ಕೆ ತಿರುಗುಮುರುಗು. ಹಸಿ ಟೊಮ್ಯಾಟೊದ ಲೈಕೊಪೀನ್ ಜೀವಕೋಶದ ಗೋಡೆಯೊಳಗೆ ಬಿಗಿಯಾಗಿ ಸಿಕ್ಕಿಕೊಂಡಿರುತ್ತದೆ. ಬೇಯಿಸಿದಾಗ ಆ ಗೋಡೆ ಸಡಿಲವಾಗುತ್ತದೆ, ಜೊತೆಗೆ ಒಂದು ಚಮಚ ಎಣ್ಣೆಯಿದ್ದರೆ ಕರುಳು ಅದನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಬಾಣಲೆಯಲ್ಲಿ ಟೊಮ್ಯಾಟೊ ಬಾಡಿ ಗೊಜ್ಜಾಗುತ್ತಿರುವಾಗ ಅಂಚಿನಲ್ಲಿ ಬಿಡುವ ಎಣ್ಣೆ ಕೆಂಪಗಾಗುವುದನ್ನು ಗಮನಿಸಿದ್ದರೆ, ಲೈಕೊಪೀನ್ ಎಣ್ಣೆಗೆ ಇಳಿಯುವುದನ್ನೇ ಕಣ್ಣಾರೆ ಕಂಡಂತೆ. ಎಣ್ಣೆಯಂಶವೇ ಇಲ್ಲದ ಸಲಾಡ್‌ನಿಂದ ಕ್ಯಾರೊಟಿನಾಯ್ಡ್‌ಗಳು ದೇಹಕ್ಕೆ ಸೇರುವುದು ತೀರ ಅಲ್ಪ. ತೂಕ ಇಳಿಸಲೆಂದು ಎಣ್ಣೆಯನ್ನು ಸಂಪೂರ್ಣ ಬಿಟ್ಟವರು ಈ ಅಂಶವನ್ನು ಯೋಚಿಸಬೇಕು.

ಬೆಳ್ಳುಳ್ಳಿ ಮತ್ತು ಬ್ರೊಕೊಲಿಯದು ಇನ್ನೊಂದು ಬಗೆ. ಇವುಗಳ ಉಪಯುಕ್ತ ಗಂಧಕದ ಸಂಯುಕ್ತಗಳು ಇಡಿಯಾಗಿರುವಾಗ ಇರುವುದೇ ಇಲ್ಲ. ಜಜ್ಜಿದಾಗ ಅಥವಾ ಹೆಚ್ಚಿದಾಗ ಒಳಗಿನ ಕಿಣ್ವ ಹೊರಬಂದು ಅವುಗಳನ್ನು ತಯಾರಿಸುತ್ತದೆ, ಮತ್ತು ಆ ಕಿಣ್ವ ಬಿಸಿಗೆ ನಿಷ್ಕ್ರಿಯವಾಗುತ್ತದೆ. ಆದ್ದರಿಂದ ಜಜ್ಜಿದ ಬೆಳ್ಳುಳ್ಳಿಯನ್ನು ಹತ್ತು ನಿಮಿಷ ಹಾಗೆಯೇ ಬಿಟ್ಟು ಆಮೇಲೆ ಒಗ್ಗರಣೆಗೆ ಹಾಕುವುದು ಒಳ್ಳೆಯ ಅಭ್ಯಾಸ. ಒಟ್ಟಿನಲ್ಲಿ ಹಸಿಯೇ ಮೇಲು ಎಂಬ ಹಟವನ್ನೂ ಬೆಂದದ್ದೇ ಮೇಲು ಎಂಬ ಹಟವನ್ನೂ ಬಿಟ್ಟು ಎರಡನ್ನೂ ಉಣ್ಣುವುದು ಜಾಣತನ.

ಜ್ಯೂಸ್ ಮಾಡಿ ಕುಡಿದರೆ ಸಾಲದೇ? ತಿನ್ನುವುದಕ್ಕಿಂತ ಸುಲಭ.

ಸಾಲದು. ಸೋಸಿದಾಗ ನಾರು ಹೋಗುತ್ತದೆ, ನಾರಿಗೆ ಅಂಟಿಕೊಂಡಿದ್ದ ಪಾಲಿಫಿನಾಲ್‌ಗಳೂ ಹೋಗುತ್ತವೆ, ಸಕ್ಕರೆ ಮಾತ್ರ ಪೂರ್ತಿ ಉಳಿದು ರಕ್ತಕ್ಕೆ ಬೇಗ ಸೇರುತ್ತದೆ. ಮೇಲೆ ಹೇಳಿದ 2021ರ ಅಧ್ಯಯನದಲ್ಲಿಯೂ ಹಣ್ಣಿನ ರಸಕ್ಕೆ ಇಡೀ ಹಣ್ಣಿನ ಶ್ರೇಯಸ್ಸು ಸಿಗಲಿಲ್ಲ. ಅಗಿಯಲು ಆಗದವರು ಸೋಸದೆ ಇಡಿಯಾಗಿ ರುಬ್ಬಿ ಕುಡಿಯಬಹುದು.

ಚಹಾ, ಕಾಫಿ, ಕಪ್ಪು ಚಾಕೊಲೇಟ್, ಕೆಂಪು ವೈನ್ ಇವೆಲ್ಲ ಯೌವನ ಉಳಿಸುತ್ತವೆ ಎಂದು ಓದಿದೆ. ನಂಬಬಹುದೇ?

ಚಹಾ ಮತ್ತು ಕಾಫಿ ಪಾಲಿಫಿನಾಲ್‌ಗಳ ಒಳ್ಳೆಯ ಮೂಲಗಳು. ಮಿತವಾಗಿ ಕುಡಿಯುವವರಲ್ಲಿ ಹಲವು ಕಾಯಿಲೆಗಳು ತುಸು ಕಡಿಮೆ ಎಂಬುದು ವೀಕ್ಷಣಾ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಒಂದು ಎಚ್ಚರಿಕೆ: ಅದೇ ಪಾಲಿಫಿನಾಲ್‌ಗಳು ಸಸ್ಯಾಹಾರದ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುತ್ತವೆ, ಹಾಗಾಗಿ ರಕ್ತಹೀನತೆ ಇರುವವರು ಊಟದ ಜೊತೆಗೇ ಚಹಾ ಕುಡಿಯಬಾರದು. ಗ್ರೀನ್ ಟೀ ಕುಡಿಯುವುದಕ್ಕೂ ಅದರ ಸಾರದ ಕ್ಯಾಪ್ಸೂಲ್ ನುಂಗುವುದಕ್ಕೂ ವ್ಯತ್ಯಾಸವಿದೆ. ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಇಜಿಸಿಜಿ (ಗ್ರೀನ್ ಟೀಯ ಮುಖ್ಯ ಪಾಲಿಫಿನಾಲ್) ಒದಗಿಸುವ ಪೂರಕಗಳು ಯಕೃತ್ತಿಗೆ ತೊಂದರೆ ಕೊಡಬಹುದೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿತು.

ಕೋಕೋ ಬಗ್ಗೆ ನಡೆದ ದೊಡ್ಡ ಪ್ರಯೋಗ ಕಾಸ್ಮಾಸ್. 21,442 ಹಿರಿಯರ ಪೈಕಿ ಒಂದು ಗುಂಪಿಗೆ ದಿನಕ್ಕೆ 500 ಮಿಲಿಗ್ರಾಂ ಫ್ಲೇವನಾಲ್ (ಕೋಕೋದಲ್ಲಿರುವ ಪಾಲಿಫಿನಾಲ್) ಕ್ಯಾಪ್ಸೂಲಿನಲ್ಲಿ ಕೊಡಲಾಯಿತು. 2022ರಲ್ಲಿ ಬಂದ ಫಲಿತಾಂಶದಲ್ಲಿ ಒಟ್ಟು ಹೃದಯಾಘಾತ, ಪಾರ್ಶ್ವವಾಯುಗಳಂಥ ಘಟನೆಗಳು ಗಣನೀಯವಾಗಿ ತಗ್ಗಲಿಲ್ಲ, ಹೃದ್ರೋಗದ ಸಾವುಗಳು ಮಾತ್ರ ಕಡಿಮೆ ಕಂಡವು. ಇದು ಆಶೆ ಹುಟ್ಟಿಸುವ ಸುಳಿವು, ಚಾಕೊಲೇಟ್ ತಿನ್ನಲು ಪರವಾನಗಿಯಲ್ಲ. ಆ ಕ್ಯಾಪ್ಸೂಲಿನಲ್ಲಿ ಚಾಕೊಲೇಟಿನ ಸಕ್ಕರೆಯಾಗಲಿ ಕೊಬ್ಬಾಗಲಿ ಇರಲಿಲ್ಲ. ಕೆಂಪು ವೈನಿನಲ್ಲಿರುವ ರೆಸ್ವೆರಟ್ರಾಲ್ ಎಂಬ ಪಾಲಿಫಿನಾಲ್ ಲೀಟರಿಗೆ ಕೆಲವೇ ಮಿಲಿಗ್ರಾಂ. ಪ್ರಯೋಗಾಲಯದಲ್ಲಿ ಇಲಿಗಳಿಗೆ ಕೊಟ್ಟ ಪ್ರಮಾಣ ಪಡೆಯಬೇಕಾದರೆ ಕುಡಿಯಬೇಕಾಗುವ ಮದ್ಯವೇ ಮನುಷ್ಯನನ್ನು ಮೊದಲು ಮುಗಿಸುತ್ತದೆ.

ಕ್ಯಾರೆಟ್ ಒಳ್ಳೆಯದೆಂದು ದಿನಾ ತುಂಬಾ ತಿಂದೆ. ಅಂಗೈ ಹಳದಿಯಾಗಿದೆ, ಇದು ಕಾಮಾಲೆಯೇ?

ಕನ್ನಡಿಯ ಮುಂದೆ ನಿಂತು ಕಣ್ಣಿನ ಬಿಳಿಭಾಗ ನೋಡಿಕೊಳ್ಳಿ. ಅಂಗೈ, ಅಂಗಾಲು, ಮೂಗಿನ ಪಕ್ಕ ಹಳದಿಯಾಗಿದ್ದು ಕಣ್ಣು ಬೆಳ್ಳಗೇ ಇದ್ದರೆ, ಮೂತ್ರದ ಬಣ್ಣವೂ ಎಂದಿನಂತಿದ್ದರೆ, ಅದು ಚರ್ಮದಲ್ಲಿ ಕ್ಯಾರೊಟೀನ್ ಶೇಖರವಾದ ಲಕ್ಷಣ. ಇದರಿಂದ ಅಪಾಯವಿಲ್ಲ, ಕ್ಯಾರೆಟ್ ಕಡಿಮೆ ಮಾಡಿದರೆ ವಾರಗಳಲ್ಲಿ ಬಣ್ಣ ಮಾಸುತ್ತದೆ. ಕಣ್ಣೂ ಹಳದಿಯಾಗಿದ್ದರೆ ಇದನ್ನು ಓದುವುದು ನಿಲ್ಲಿಸಿ ವೈದ್ಯರ ಬಳಿ ಹೋಗಬೇಕು.

ಬಿಸ್ಕತ್ತಿನ ಪೊಟ್ಟಣದ ಮೇಲೂ 'ಆಂಟಿಆಕ್ಸಿಡೆಂಟ್' ಎಂದು ಬರೆದಿದೆ. ಹಾಗಾದರೆ ಅದೂ ಆರೋಗ್ಯಕರವೇ?

ಅದು ನಿಮಗಾಗಿ ಹಾಕಿದ್ದಲ್ಲ, ಬಿಸ್ಕತ್ತಿನ ಎಣ್ಣೆ ಕಮಟಾಗದಿರಲು ಹಾಕಿದ್ದು. ಪಕ್ಕದಲ್ಲಿರುವ ಸಂಖ್ಯೆಯನ್ನು ನೋಡಿ: 300 ಎಂದರೆ ಆಸ್ಕಾರ್ಬಿಕ್ ಆಮ್ಲ, 319 ಎಂದರೆ ಟಿಬಿಎಚ್‌ಕ್ಯೂ, 320 ಬಿಎಚ್‌ಎ, 321 ಬಿಎಚ್‌ಟಿ. ಅನುಮತಿಸಿದ ಮಿತಿಯೊಳಗೆ ಇವನ್ನು ಬಳಸುತ್ತಾರೆ, ಅದರಿಂದ ಬಿಸ್ಕತ್ತು ಹಣ್ಣಾಗುವುದಿಲ್ಲ.

## ಮಾತ್ರೆಗಳ ಬಗ್ಗೆ

ಹಣ್ಣಿನಲ್ಲಿರುವ ವಿಟಮಿನ್ನೇ ಮಾತ್ರೆಯಲ್ಲೂ ಇದೆ. ಒಂದು ಮಾತ್ರೆ ನುಂಗಿದರೆ ಮುಗಿಯಿತಲ್ಲ?

ಹೀಗೆಯೇ ನಂಬಿ ಸಾವಿರಾರು ಜನರ ಮೇಲೆ ಪ್ರಯೋಗ ನಡೆಸಿದವರು ಬೆಚ್ಚಿಬಿದ್ದ ಕಥೆ ಇದು. 1980ರ ದಶಕದಲ್ಲಿ ರಕ್ತದಲ್ಲಿ ಬೀಟಾ ಕ್ಯಾರೊಟೀನ್ ಹೆಚ್ಚಿರುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂಬುದು ಗೊತ್ತಾಗಿತ್ತು. ಫಿನ್ಲೆಂಡಿನಲ್ಲಿ 29,133 ಧೂಮಪಾನಿ ಪುರುಷರನ್ನು ಆರಿಸಿ ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟೀನ್, ಕೆಲವರಿಗೆ ವಿಟಮಿನ್ ಇ, ಕೆಲವರಿಗೆ ಎರಡೂ, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಡಲಾಯಿತು. 1994ರಲ್ಲಿ ಫಲಿತಾಂಶ ಬಂದಾಗ ಬೀಟಾ ಕ್ಯಾರೊಟೀನ್ ಪಡೆದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಿತ್ತು. ಅದು ಕಾಕತಾಳೀಯವಿರಬಹುದು ಎಂದುಕೊಳ್ಳುವಷ್ಟರಲ್ಲಿ ಅಮೆರಿಕದ ಕ್ಯಾರೆಟ್ ಎಂಬ ಹೆಸರಿನ ಪ್ರಯೋಗವನ್ನು 1996ರ ಜನವರಿಯಲ್ಲಿ ಅವಧಿಗೆ ಮೊದಲೇ ನಿಲ್ಲಿಸಬೇಕಾಯಿತು: 18,314 ಮಂದಿ ಧೂಮಪಾನಿಗಳು, ಹಿಂದೆ ಸೇದುತ್ತಿದ್ದವರು ಮತ್ತು ಕಲ್ನಾರಿನ ಧೂಳಿನಲ್ಲಿ ದುಡಿದವರಲ್ಲಿ, ಬೀಟಾ ಕ್ಯಾರೊಟೀನ್ ಮತ್ತು ವಿಟಮಿನ್ ಎ ಒಟ್ಟಿಗೆ ನುಂಗಿದವರ ಶ್ವಾಸಕೋಶದ ಕ್ಯಾನ್ಸರ್ ಶೇ 28ರಷ್ಟು, ಸಾವು ಶೇ 17ರಷ್ಟು ಹೆಚ್ಚಾಗಿದ್ದವು.

ವಿಟಮಿನ್ ಇ ಕೂಡ ಪಾರಾಗಲಿಲ್ಲ. 35,533 ಪುರುಷರ ಸೆಲೆಕ್ಟ್ ಪ್ರಯೋಗದಲ್ಲಿ ದಿನಕ್ಕೆ 400 ಐಯು (ಅಂತರರಾಷ್ಟ್ರೀಯ ಏಕಮಾನ) ವಿಟಮಿನ್ ಇ ಪಡೆದವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚು ಬಂತೆಂದು 2011ರಲ್ಲಿ ವರದಿಯಾಯಿತು. ಇಂಥ 78 ಪ್ರಯೋಗಗಳನ್ನು, ಸುಮಾರು 2,97,000 ಜನರನ್ನು ಒಟ್ಟುಗೂಡಿಸಿದ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆ, ಉತ್ಕರ್ಷಣ ನಿರೋಧಕ ಮಾತ್ರೆಗಳು ಆಯುಷ್ಯ ಹೆಚ್ಚಿಸುತ್ತವೆ ಎಂಬುದಕ್ಕೆ ಆಧಾರವಿಲ್ಲ, ಬೀಟಾ ಕ್ಯಾರೊಟೀನ್ ಮತ್ತು ವಿಟಮಿನ್ ಇ ಸಾವಿನ ಪ್ರಮಾಣವನ್ನು ತುಸು ಹೆಚ್ಚಿಸುವಂತಿದೆ ಎಂದಿತು. ನ್ಯಾಯವಾಗಿ ಹೇಳಬೇಕೆಂದರೆ ಎಲ್ಲ ಪ್ರಯೋಗಗಳೂ ಹಾನಿ ತೋರಿಸಿಲ್ಲ. 22,071 ಅಮೆರಿಕನ್ ವೈದ್ಯರಲ್ಲಿ ಅರ್ಧದಷ್ಟು ಮಂದಿ ಸುಮಾರು 12 ವರ್ಷ ದಿನ ಬಿಟ್ಟು ದಿನ 50 ಮಿಲಿಗ್ರಾಂ ಬೀಟಾ ಕ್ಯಾರೊಟೀನ್ ಸೇವಿಸಿದ ಅಧ್ಯಯನದಲ್ಲಿ ಲಾಭವೂ ಇರಲಿಲ್ಲ, ನಷ್ಟವೂ ಇರಲಿಲ್ಲ. ಆದರೆ ಸೇದುವವರು ಬೀಟಾ ಕ್ಯಾರೊಟೀನ್ ಮಾತ್ರೆಯನ್ನು ಮುಟ್ಟಬಾರದು ಎಂಬುದರಲ್ಲಿ ಈಗ ಎರಡು ಮಾತಿಲ್ಲ.

ವಿಟಮಿನ್ ಸಿ ನೀರಿನಲ್ಲಿ ಕರಗುವಂಥದ್ದು, ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತದೆ. ದಿನಾ 1000 ಮಿಲಿಗ್ರಾಂ ತೆಗೆದುಕೊಂಡರೆ ತಪ್ಪೇನು?

ತೆಗೆದುಕೊಂಡದ್ದು ಮೂತ್ರದಲ್ಲಿ ಹೋಗುವುದಾದರೆ ತೆಗೆದುಕೊಳ್ಳುವುದೇಕೆ ಎಂಬುದೇ ಮೊದಲ ಪ್ರಶ್ನೆ. ಅಮೆರಿಕದ ಶಿಫಾರಸಿನ ಪ್ರಕಾರ ವಯಸ್ಕ ಪುರುಷರಿಗೆ ದಿನಕ್ಕೆ 90, ಮಹಿಳೆಯರಿಗೆ 75 ಮಿಲಿಗ್ರಾಂ ಬೇಕು, ಸೇದುವವರಿಗೆ ಇನ್ನೂ 35 ಹೆಚ್ಚು. ಆರೋಗ್ಯವಂತರಲ್ಲಿ ದಿನಕ್ಕೆ 200 ಮಿಲಿಗ್ರಾಂ ದಾಟುವ ಹೊತ್ತಿಗೆ ರಕ್ತದಲ್ಲಿನ ಮಟ್ಟ ಬಹುತೇಕ ತುಂಬಿರುತ್ತದೆ. ಹೆಚ್ಚಾದದ್ದರಲ್ಲಿ ಒಂದು ಪಾಲು ಆಕ್ಸಲೇಟ್ ಆಗಿ ಮೂತ್ರಪಿಂಡದ ಮೂಲಕ ಹಾದುಹೋಗುತ್ತದೆ, ಕಲ್ಲಿನ ತೊಂದರೆ ಇರುವವರಿಗೆ ಇದು ಒಳ್ಳೆಯದಲ್ಲ. ದೇಹದಲ್ಲಿ ಕಬ್ಬಿಣ ಅತಿಯಾಗಿ ಶೇಖರವಾಗುವ ಕಾಯಿಲೆಯವರೂ ದೂರವಿರಬೇಕು. ದಿನಕ್ಕೆ 2000 ಮಿಲಿಗ್ರಾಂ ಮೀರಿದರೆ ಭೇದಿ ಮತ್ತು ಹೊಟ್ಟೆನೋವು ಸಾಮಾನ್ಯ.

ಹಾಗಾದರೆ ಯಾವ ಮಾತ್ರೆಯೂ ಯಾರಿಗೂ ಬೇಡವೇ?

ಹಾಗೇನಿಲ್ಲ. ವೈದ್ಯರು ಪತ್ತೆಹಚ್ಚಿದ ಕೊರತೆಗೆ ಮಾತ್ರೆ ಬೇಕು. ಇನ್ನೊಂದು ಸ್ಪಷ್ಟ ಅಪವಾದ ಕಣ್ಣಿನದು. ವಯಸ್ಸಾದಂತೆ ಅಕ್ಷಿಪಟಲದ ನಡುಭಾಗ ಸವೆಯುವ ಮ್ಯಾಕ್ಯುಲರ್ ಡಿಜನರೇಶನ್ ಮಧ್ಯಮ ಹಂತ ತಲುಪಿದವರಲ್ಲಿ, ವಿಟಮಿನ್ ಸಿ 500 ಮಿಲಿಗ್ರಾಂ, ವಿಟಮಿನ್ ಇ 400 ಐಯು, ಬೀಟಾ ಕ್ಯಾರೊಟೀನ್, ಸತು ಮತ್ತು ತಾಮ್ರದ ಮಿಶ್ರಣ ಕಾಯಿಲೆ ಮುಂದುವರಿಯುವ ಸಂಭವವನ್ನು ಸುಮಾರು ಶೇ 25ರಷ್ಟು ತಗ್ಗಿಸಿತೆಂದು 2001ರ ಆರೆಡ್ಸ್ ಪ್ರಯೋಗ ತೋರಿಸಿತು. 2013ರ ಎರಡನೇ ಪ್ರಯೋಗದ ನಂತರ ಬೀಟಾ ಕ್ಯಾರೊಟೀನ್ ಬದಲು 10 ಮಿಲಿಗ್ರಾಂ ಲ್ಯೂಟೀನ್ ಮತ್ತು 2 ಮಿಲಿಗ್ರಾಂ ಝಿಯಾಕ್ಸಾಂಥಿನ್ ಬಳಸುತ್ತಾರೆ. ಕಾಯಿಲೆಯೇ ಇಲ್ಲದವರಲ್ಲಿ ಅದು ಬಾರದಂತೆ ಈ ಮಿಶ್ರಣ ತಡೆಯುವುದಿಲ್ಲ ಎಂಬುದನ್ನು ಜಾಹೀರಾತುಗಳು ಹೇಳುವುದಿಲ್ಲ.

ನನಗೆ ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟಿದ್ದಾರೆ. ಸೊಪ್ಪು ಬಿಡಬೇಕೇ?

ಬಿಡಬೇಕಿಲ್ಲ, ಆದರೆ ಪ್ರಮಾಣ ದಿನದಿಂದ ದಿನಕ್ಕೆ ಏರುಪೇರಾಗಬಾರದು. ಇಂಥ ಮಾತ್ರೆಗಳಲ್ಲೊಂದಾದ ವಾರ್ಫರಿನ್ ಕೆಲಸ ಮಾಡುವುದು ವಿಟಮಿನ್ ಕೆಗೆ ಅಡ್ಡಿಪಡಿಸುವ ಮೂಲಕ, ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ಹೇರಳ. ಒಂದು ವಾರ ಸೊಪ್ಪೇ ತಿನ್ನದೆ ಮರುವಾರ ದಿನಾ ತಿಂದರೆ ಔಷಧದ ಲೆಕ್ಕಾಚಾರ ತಪ್ಪುತ್ತದೆ. ನೀವು ಎಂದಿನಂತೆ ತಿನ್ನುವ ಪ್ರಮಾಣವನ್ನು ವೈದ್ಯರಿಗೆ ತಿಳಿಸಿ, ಅದಕ್ಕೆ ತಕ್ಕಂತೆ ಮಾತ್ರೆಯನ್ನು ಅವರು ಹೊಂದಿಸುತ್ತಾರೆ. ಹೆಚ್ಚಿನ ಪ್ರಮಾಣದ ವಿಟಮಿನ್ ಇ ಮಾತ್ರೆ ಮಾತ್ರ ಇಂಥವರಿಗೆ ರಕ್ತಸ್ರಾವದ ಅಪಾಯ ತರಬಲ್ಲದು. ಕ್ಯಾನ್ಸರ್‌ಗೆ ಕಿಮೊಥೆರಪಿ ಅಥವಾ ವಿಕಿರಣ ಚಿಕಿತ್ಸೆ ಪಡೆಯುತ್ತಿರುವವರೂ ಚಿಕಿತ್ಸೆ ಕೊಡುವ ವೈದ್ಯರನ್ನು ಕೇಳದೆ ಇಂಥ ಯಾವ ಪೂರಕವನ್ನೂ ಶುರುಮಾಡಬಾರದು. ಆ ಚಿಕಿತ್ಸೆಗಳಲ್ಲಿ ಕೆಲವು ಗಡ್ಡೆಯನ್ನು ನಾಶಮಾಡುವುದೇ ಫ್ರೀ ರ‍್ಯಾಡಿಕಲ್‌ಗಳ ಮೂಲಕ.

ಎಪ್ಪತ್ತೆರಡರ ನಮ್ಮ ತಾಯಿಗೆ ಹಲ್ಲಿಲ್ಲ, ಹಸಿವೂ ಕಡಿಮೆ. ಇಷ್ಟೆಲ್ಲ ಹಣ್ಣು ತರಕಾರಿ ತಿನ್ನಿಸುವುದು ಹೇಗೆ?

ಮೊದಲು ಅವರ ತೂಕ ಇಳಿಯುತ್ತಿದೆಯೇ ಎಂದು ನೋಡಿ. ಇಳಿಯುತ್ತಿದ್ದರೆ ಉತ್ಕರ್ಷಣ ನಿರೋಧಕಗಳ ಚಿಂತೆ ಆಮೇಲಿನದು. ಪ್ರೋಟೀನ್, ಒಟ್ಟು ಕ್ಯಾಲೊರಿ, ವಿಟಮಿನ್ ಬಿ12 ಮತ್ತು ಡಿ ಮೊದಲಿನವು. ತರಕಾರಿಯಿಂದ ಹೊಟ್ಟೆ ತುಂಬಿ ಬೇಳೆ, ಮೊಟ್ಟೆ, ಹಾಲಿಗೆ ಜಾಗವಿಲ್ಲದಂತಾದರೆ ಅದು ಲಾಭವಲ್ಲ. ತೂಕ ಸ್ಥಿರವಾಗಿದ್ದರೆ ಸೊಪ್ಪನ್ನು ಬೇಳೆಯೊಡನೆ ಮೆತ್ತಗೆ ಬೇಯಿಸಿ ಕಡೆಯಬಹುದು, ಕುಂಬಳ ಮತ್ತು ಕ್ಯಾರೆಟ್ಟನ್ನು ಒಂದು ಚಮಚ ಎಣ್ಣೆ ಅಥವಾ ತುಪ್ಪದೊಡನೆ ಮಸೆದು ಕೊಡಬಹುದು, ಪಪ್ಪಾಯಿ ಮತ್ತು ಬಾಳೆಯಂಥ ಮೆದು ಹಣ್ಣುಗಳನ್ನು ಊಟದ ಕೊನೆಗಲ್ಲದೆ ಎರಡು ಊಟಗಳ ನಡುವೆ ಕೊಡಬಹುದು. ಬಾದಾಮಿಯನ್ನು ನುಣ್ಣಗೆ ಪುಡಿಮಾಡಿ ಹಾಲಿಗೆ ಬೆರೆಸಿದರೆ ವಿಟಮಿನ್ ಇ ಸಿಗುತ್ತದೆ. ಮೂತ್ರಪಿಂಡದ ಕಾಯಿಲೆಯಿದ್ದು ಪೊಟ್ಯಾಶಿಯಮ್ ಮಿತಿಗೊಳಿಸಿದ್ದರೆ ಹಣ್ಣು, ಸೊಪ್ಪುಗಳ ಆಯ್ಕೆಯನ್ನು ವೈದ್ಯರನ್ನು ಕೇಳಿಯೇ ಮಾಡಬೇಕು.

## ಇನ್ನಷ್ಟು ಆಳಕ್ಕೆ

ಮಾತ್ರೆ ಸೋತಿತು, ಹಣ್ಣು ತರಕಾರಿ ಗೆದ್ದವು. ಇದು ಹೇಗೆ ಸಾಧ್ಯ?

ಒಂದಕ್ಕಿಂತ ಹೆಚ್ಚು ಕಾರಣಗಳಿವೆ, ಮತ್ತು ಅವುಗಳಲ್ಲಿ ಮೊದಲನೆಯದು ಅಷ್ಟು ಹಿತವಾದದ್ದಲ್ಲ: ಹಣ್ಣು ತರಕಾರಿ ಹೆಚ್ಚು ತಿನ್ನುವವರು ಸಾಮಾನ್ಯವಾಗಿ ಸೇದುವುದು ಕಡಿಮೆ, ನಡೆಯುವುದು ಹೆಚ್ಚು, ಅವರ ವರಮಾನವೂ ಹೆಚ್ಚು. ಅಂಕಿಅಂಶ ತಜ್ಞರು ಇದನ್ನು ಕಳೆದು ನೋಡಲು ಪ್ರಯತ್ನಿಸುತ್ತಾರಾದರೂ ಪೂರ್ತಿ ಕಳೆಯಲಾಗದು. ಎರಡನೆಯದಾಗಿ, ತರಕಾರಿ ಜೊತೆಗೆ ನಾರು, ಪೊಟ್ಯಾಶಿಯಮ್, ಫೋಲೇಟ್ ಬರುತ್ತವೆ, ಅದೇ ಹೊತ್ತಿಗೆ ತಟ್ಟೆಯಿಂದ ಕರಿದ ತಿಂಡಿ ಒಂದಿಷ್ಟು ಜಾಗ ಬಿಡುತ್ತದೆ.

ಮೂರನೆಯ ಕಾರಣ ಹೆಚ್ಚು ಕುತೂಹಲಕರ. ಪಾಲಿಫಿನಾಲ್‌ಗಳಲ್ಲಿ ಹೆಚ್ಚಿನವು ಸಣ್ಣ ಕರುಳಿನಲ್ಲಿ ಹೀರಿಕೆಯಾಗುವುದೇ ಇಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಅವುಗಳನ್ನು ಒಡೆದು ಬೇರೆ ರೂಪಕ್ಕೆ ತಿರುಗಿಸುತ್ತವೆ. ರಕ್ತಕ್ಕೆ ಸೇರುವ ಪ್ರಮಾಣ ಎಷ್ಟು ಚಿಕ್ಕದೆಂದರೆ ಅವು ನೇರವಾಗಿ ಫ್ರೀ ರ‍್ಯಾಡಿಕಲ್‌ಗಳನ್ನು ಹಿಡಿಯುತ್ತವೆ ಎನ್ನುವುದು ಕಷ್ಟ. ಬದಲಿಗೆ ದೇಹ ಅವುಗಳನ್ನು ಸೌಮ್ಯ ಕಿರಿಕಿರಿಯೆಂದು ಗುರುತಿಸಿ, ಎನ್‌ಆರ್‌ಎಫ್2 ಎಂಬ ಪ್ರೋಟೀನಿನ ಮೂಲಕ ತನ್ನದೇ ರಕ್ಷಣಾ ಕಿಣ್ವಗಳ ಜೀನ್‌ಗಳನ್ನು ಎಚ್ಚರಿಸುವಂತೆ ಕಾಣುತ್ತದೆ. ವ್ಯಾಯಾಮ ಸ್ನಾಯುವನ್ನು ದಣಿಸಿಯೇ ಬಲಪಡಿಸುವಂತೆ ಇದು. ಈ ಮಾತಿಗೆ ವ್ಯಾಯಾಮದಿಂದಲೇ ಸಾಕ್ಷ್ಯ ದೊರೆತಿದೆ. 2009ರಲ್ಲಿ ಮೈಕೆಲ್ ರಿಸ್ಟೊ ಮತ್ತು ಸಂಗಡಿಗರು ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿ ಅರ್ಧದಷ್ಟು ಮಂದಿಗೆ ವಿಟಮಿನ್ ಸಿ ಮತ್ತು ಇ ಮಾತ್ರೆ ಕೊಟ್ಟರು. ಇನ್ಸುಲಿನ್ನಿಗೆ ದೇಹ ಸ್ಪಂದಿಸುವ ಗುಣ ಉತ್ತಮಗೊಂಡದ್ದು ಮಾತ್ರೆ ನುಂಗದವರಲ್ಲಿ ಮಾತ್ರ. ವ್ಯಾಯಾಮ ಹುಟ್ಟಿಸುವ ಸಣ್ಣ ಒತ್ತಡವೇ ಸಂದೇಶವಾಗಿತ್ತು, ಮಾತ್ರೆ ಆ ಸಂದೇಶವನ್ನು ಅಳಿಸಿಹಾಕಿತ್ತು.

ಈ ಪುಡಿಯ 'ಓರ್ಯಾಕ್ ಮೌಲ್ಯ' ಸೇಬಿಗಿಂತ ನೂರು ಪಟ್ಟು ಎಂದು ಮಾರುತ್ತಿದ್ದಾರೆ. ಅದರರ್ಥವೇನು?

ಪರೀಕ್ಷಾ ನಳಿಕೆಯಲ್ಲಿ ಆ ಪುಡಿ ಫ್ರೀ ರ‍್ಯಾಡಿಕಲ್‌ಗಳನ್ನು ಎಷ್ಟು ತಟಸ್ಥಗೊಳಿಸಿತು ಎಂಬ ಅಳತೆ ಅದು. ನಳಿಕೆಗೆ ಕರುಳಿಲ್ಲ, ಯಕೃತ್ತಿಲ್ಲ. ಅಮೆರಿಕದ ಕೃಷಿ ಇಲಾಖೆ ತಾನೇ ಪ್ರಕಟಿಸಿದ್ದ ಓರ್ಯಾಕ್ ಪಟ್ಟಿಯನ್ನು 2012ರಲ್ಲಿ ಹಿಂತೆಗೆದುಕೊಂಡಿತು. ಆ ಅಂಕಿಗೂ ಮನುಷ್ಯರ ಆರೋಗ್ಯಕ್ಕೂ ಸಂಬಂಧ ಸಾಬೀತಾಗಿಲ್ಲ, ಮಾರಾಟಗಾರರು ಅದನ್ನು ದುರುಪಯೋಗ ಮಾಡುತ್ತಿದ್ದಾರೆ ಎಂಬುದೇ ಅದು ಕೊಟ್ಟ ಕಾರಣ. ಇಂದಿಗೂ ಆ ಸಂಖ್ಯೆಯನ್ನು ಮುಂದಿಟ್ಟು ಮಾರುವವರನ್ನು ನಂಬದಿರಲು ಅಷ್ಟೇ ಸಾಕು.

ಮರೆವಿನ ಕಾಯಿಲೆಯನ್ನು ತಡೆಯಬಲ್ಲವೇ?

ಮಾತ್ರೆಯಿಂದ ತಡೆಯಬಹುದು ಎಂಬುದಕ್ಕೆ ಆಧಾರ ದುರ್ಬಲ. ಆಲ್‌ಝೈಮರ್ ಈಗಾಗಲೇ ಸೌಮ್ಯ ಅಥವಾ ಮಧ್ಯಮ ಹಂತದಲ್ಲಿದ್ದ 613 ಮಂದಿಯ 2014ರ ಪ್ರಯೋಗದಲ್ಲಿ ದಿನಕ್ಕೆ 2000 ಐಯು ವಿಟಮಿನ್ ಇ ಪಡೆದವರ ದಿನನಿತ್ಯದ ಕೆಲಸದ ಸಾಮರ್ಥ್ಯ ಕುಗ್ಗುವುದು ನಿಧಾನವಾಯಿತು, ನೆನಪು ಮಾತ್ರ ಸುಧಾರಿಸಲಿಲ್ಲ. ಅಷ್ಟು ದೊಡ್ಡ ಪ್ರಮಾಣವನ್ನು ವೈದ್ಯರ ನಿಗಾ ಇಲ್ಲದೆ ಸೇವಿಸುವಂತಿಲ್ಲ. ಮೆದುಳಿನ ಮಟ್ಟಿಗೆ ರಕ್ತದೊತ್ತಡ, ಸಕ್ಕರೆ, ಕಿವಿ ಕೇಳಿಸುವುದು, ನಡಿಗೆ, ಜನರೊಡನಾಟ ಇವುಗಳ ಮೇಲೆ ಗಮನವಿಡುವುದು ಯಾವ ಕ್ಯಾಪ್ಸೂಲಿಗಿಂತಲೂ ಮುಖ್ಯ ಎಂಬುದು ಈ ಲೇಖಕನ ಅಭಿಪ್ರಾಯ.

ಚರ್ಮದ ಸುಕ್ಕು?

ಮುಖದ ಸುಕ್ಕು ಮತ್ತು ಕಲೆಗಳಲ್ಲಿ ಹೆಚ್ಚಿನವು ಬಿಸಿಲು ಮತ್ತು ತಂಬಾಕಿನ ಕೊಡುಗೆ. ಕೊಲಾಜೆನ್ ಹೆಣೆಯಲು ವಿಟಮಿನ್ ಸಿ ಬೇಕೇ ಬೇಕು, ಆದರೆ ಕೊರತೆಯಿಲ್ಲದವರಿಗೆ ಇನ್ನಷ್ಟು ಕೊಟ್ಟರೆ ಸುಕ್ಕು ಮಾಯವಾಗುವುದಿಲ್ಲ. ಕೊಡೆ, ಟೋಪಿ, ಸನ್‌ಸ್ಕ್ರೀನ್ ಹೆಚ್ಚು ಕೆಲಸ ಮಾಡುತ್ತವೆ.

ಫ್ರೀ ರ‍್ಯಾಡಿಕಲ್‌ಗಳಿಂದಲೇ ಮುಪ್ಪು ಬರುತ್ತದೆ ಎಂಬ ಸಿದ್ಧಾಂತ ಹಾಗಾದರೆ ಸುಳ್ಳೇ?

ಅರೆಬರೆ ಎನ್ನಬಹುದು. ಆ ಸಿದ್ಧಾಂತವನ್ನು 1956ರಲ್ಲಿ ಮಂಡಿಸಿದವರು ಅಮೆರಿಕದ ಡೆನ್ಹಮ್ ಹಾರ್ಮನ್. ವೈದ್ಯಕೀಯ ಓದುವ ಮುನ್ನ ಅವರು ತೈಲ ಕಂಪನಿಯೊಂದರಲ್ಲಿ ರಸಾಯನಶಾಸ್ತ್ರಜ್ಞರಾಗಿದ್ದರು. ವಿಕಿರಣ ದೇಹಕ್ಕೆ ಮಾಡುವ ಹಾನಿಗೂ ವಯಸ್ಸಿನ ಹಾನಿಗೂ ಇರುವ ಹೋಲಿಕೆ ಅವರನ್ನು ಈ ದಾರಿಗೆ ತಂದಿತು, 1972ರಲ್ಲಿ ಅವರೇ ಮೈಟೊಕಾಂಡ್ರಿಯವನ್ನು ಕಥೆಯ ಕೇಂದ್ರಕ್ಕೆ ತಂದರು. ವಯಸ್ಸಾದ ಅಂಗಾಂಶಗಳಲ್ಲಿ ಉತ್ಕರ್ಷಣದ ಹಾನಿ ಹೆಚ್ಚಿರುತ್ತದೆ ಎಂಬುದು ಇಂದಿಗೂ ನಿಜ. ಆ ಹಾನಿಯೇ ಮುಪ್ಪಿನ ಮೂಲವೇ ಎಂಬಲ್ಲಿ ಲೆಕ್ಕ ತಪ್ಪುತ್ತದೆ.

ಆಫ್ರಿಕದ ನೆಲದಡಿ ಬದುಕುವ, ಮೈಮೇಲೆ ಕೂದಲಿಲ್ಲದ ನೇಕೆಡ್ ಮೋಲ್ ರ‍್ಯಾಟ್ ಇಲಿಯ ಗಾತ್ರದ ಪ್ರಾಣಿ, ಆದರೆ 30 ವರ್ಷ ದಾಟಿ ಬಾಳುತ್ತದೆ. ಅದರ ದೇಹದಲ್ಲಿ ಎಳೆಯ ವಯಸ್ಸಿನಿಂದಲೇ ಉತ್ಕರ್ಷಣದ ಹಾನಿ ಸಾಮಾನ್ಯ ಇಲಿಗಿಂತ ಹೆಚ್ಚು. ಸಿ. ಎಲೆಗನ್ಸ್ ಎಂಬ ಪುಟ್ಟ ಹುಳುವಿನಲ್ಲಿ ಮೈಟೊಕಾಂಡ್ರಿಯದ ಸೂಪರ್‌ಆಕ್ಸೈಡ್ ಡಿಸ್‌ಮ್ಯುಟೇಸ್ ಕಿಣ್ವದ ಜೀನನ್ನೇ ತೆಗೆದುಹಾಕಿದಾಗ ಹುಳು ಬೇಗ ಸಾಯುವ ಬದಲು ಹೆಚ್ಚು ಕಾಲ ಬದುಕಿತು. 2013ರಲ್ಲಿ ಕಾರ್ಲೋಸ್ ಲೋಪೆಜ್-ಓಟಿನ್ ಮತ್ತು ಸಹಲೇಖಕರು ಮುಪ್ಪಿನ ಒಂಬತ್ತು ಲಕ್ಷಣಗಳನ್ನು ಪಟ್ಟಿಮಾಡಿದಾಗ, ಮತ್ತು 2023ರಲ್ಲಿ ಅದನ್ನು ಹನ್ನೆರಡಕ್ಕೆ ಹಿಗ್ಗಿಸಿದಾಗ, ಉತ್ಕರ್ಷಣ ಒತ್ತಡಕ್ಕೆ ಅದರಲ್ಲಿ ಪ್ರತ್ಯೇಕ ಸ್ಥಾನ ಸಿಗಲಿಲ್ಲ. ಮೈಟೊಕಾಂಡ್ರಿಯದ ವೈಫಲ್ಯ, ಡಿಎನ್‌ಎ ಹಾನಿ, ವರ್ಣತಂತುಗಳ ತುದಿಯ ಸವೆತ, ವಿಭಜನೆ ನಿಲ್ಲಿಸಿಯೂ ಸಾಯದೆ ಉಳಿದ ಜೀವಕೋಶಗಳು, ದೀರ್ಘಕಾಲದ ಉರಿಯೂತ ಹೀಗೆ ಹಲವು ಲಕ್ಷಣಗಳ ಚರ್ಚೆಯೊಳಗೆ ಅದು ಕಾರಣವಾಗಿಯೂ ಪರಿಣಾಮವಾಗಿಯೂ ಬಂದುಹೋಗುತ್ತದೆ. ಸಂಶೋಧಕರ ಗಮನವೂ ಈಗ ಫ್ರೀ ರ‍್ಯಾಡಿಕಲ್‌ಗಳನ್ನು ಒರೆಸಿಹಾಕುವ ವಸ್ತುಗಳಿಂದ, ಹಾನಿಯಾದದ್ದನ್ನು ದೇಹ ತಾನೇ ದುರಸ್ತಿ ಮಾಡಿಕೊಳ್ಳುವ ವ್ಯವಸ್ಥೆಗಳ ಕಡೆಗೆ ಹೊರಳಿದೆ.